ಯಜಮಾನರ ಕಿವಿಗೆ ಇಳಿಸಿದ ರಾಗ

ಶಾಲೆಯಲ್ಲಿ ಹಾರ್ಮೋನಿಯಂ ಕಲಿಸಿ ನಿವೃತ್ತಳಾದ ಮೇಲೆ ನನಗೊಂದು ಹುಚ್ಚು ಹಿಡಿಯಿತು: ಕಂಪ್ಯೂಟರಿನೊಳಗೇ ಇಡೀ ಆರ್ಕೆಸ್ಟ್ರಾ ಕೂಡಿಸುವುದು. ಪಿಟೀಲು, ಕೊಳಲು, ತುತ್ತೂರಿ, ನಗಾರಿ, ಎಲ್ಲದರ ಒಂದೊಂದು ಸ್ವರವನ್ನೂ ಯಾರೋ ನುಡಿಸಿ ಮುದ್ರಿಸಿಟ್ಟಿರುತ್ತಾರೆ. ಯುರೋಪಿನ ಹಳೆಯ ಸಿಂಫನಿಯೊಂದರ ಸ್ವರಲಿಪಿಯನ್ನು ಮುಂದಿಟ್ಟುಕೊಂಡು, ಯಾವ ಸ್ವರ ಎಷ್ಟು ಮೆತ್ತಗೆ ಶುರುವಾಗಬೇಕು, ಎಲ್ಲಿ ಉಬ್ಬಬೇಕು, ಎಲ್ಲಿ ಉಸಿರು ಬಿಡಬೇಕು ಎಂದು ತಿದ್ದುತ್ತ ಕೂರುತ್ತೇನೆ. ಇಚಲಕರಂಜಿಯ ನಮ್ಮ ಓಣಿಯಲ್ಲಿ ಮಗ್ಗಗಳ ಸದ್ದು ನಿಲ್ಲುವುದೇ ಇಲ್ಲ, ಅದಕ್ಕೇ ಹೆಡ್‌ಫೋನು.

ನನಗಿದ್ದ ಕೇಳುಗರು ಒಬ್ಬರೇ, ನಮ್ಮ ಯಜಮಾನರು. ಪಕ್ಕದೂರು ಯಡ್ರಾವದ ಮಗ್ಗದ ಶೆಡ್ಡುಗಳಲ್ಲಿ ಯಂತ್ರ ದುರಸ್ತಿ ಮಾಡುತ್ತ ಆಯುಷ್ಯ ಕಳೆದವರು. ಸಂಜೆ ಚಹಾ ಮುಗಿದ ಮೇಲೆ ಅವರ ತಲೆಗೆ ಹೆಡ್‌ಫೋನು ಏರಿಸಿ ಎದುರಿಗೆ ಕೂರುತ್ತಿದ್ದೆ. ನನ್ನನ್ನೇ ನೋಡುತ್ತ ಕೇಳುತ್ತಿದ್ದರು. ತೀರ್ಪು ಯಾವಾಗಲೂ ಒಂದೇ: “ಭಾಳ ಚಂದ ಆಗೇತಿ.” ಹೊಗಳಿಕೆ ಯಾರಿಗೆ ಬೇಡ? ಆದರೆ ಉಪ್ಪಿಟ್ಟಿಗೂ ಅದೇ ಮಾತು, ಸಿಂಫನಿಗೂ ಅದೇ ಮಾತು ಎಂದರೆ ಮೈ ಉರಿಯುತ್ತದೆ.

ಒಂದು ಸಂಜೆ ಅವರು ಹಾಗೆಂದ ಮೇಲೆ ಪರದೆ ನೋಡಿದರೆ, ಪಿಟೀಲುಗಳ ಸಾಲನ್ನೇ ನಾನು ಬಂದ್ ಮಾಡಿಟ್ಟಿದ್ದೆ. ರಾಗವೇ ಇಲ್ಲದ ಸಂಗೀತವನ್ನು ಇವರು ಚಂದ ಎಂದಿದ್ದರು!

“ಪಿಟೀಲ ಇಲ್ಲದ್ದೂ ಗೊತ್ತಾಗಲಿಲ್ಲೇನ್ರಿ? ನನ್ನ ಚೇಷ್ಟಾ ಮಾಡಾಕತ್ತೀರೇನು?” ಎಂದು ಹರಿಹಾಯ್ದೆ.

ಅವರು ಹೆಡ್‌ಫೋನು ಮೆಲ್ಲಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು. “ಸಣ್ಣ ದನಿ ನನಗ ಕೇಳೂದ ಇಲ್ಲ. ಭಾಳ ದಿವಸ ಆತು. ಶೆಡ್ಡಿನ್ಯಾಗ ಎಲ್ಲಾರದೂ ಇದ ಹಣೇಬರಹ.”

“ಮತ್ತ ಚಂದ ಅಂತಿದ್ರಲ್ಲ?”

“ಕೇಳಸೂವಾಗ ನಿನ್ನ ಮಾರಿ ಭಾಳ ಚಂದ ಇರತೈತಿ. ಅದನ್ನ ನೋಡಿ ಹೇಳತಿದ್ದೆ.”

ಸಿಟ್ಟು ಎಲ್ಲಿ ಹೋಯಿತೋ. ಗದ್ದಲದ ಶೆಡ್ಡಿನಲ್ಲಿ ಅವರು ಮಂದಿಯ ಮುಖ ನೋಡಿಯೇ ಮಾತು ತಿಳಿಯುತ್ತಿದ್ದರು. ಆ ರೂಢಿ ಮನೆಗೂ ಬಂದದ್ದು ನನಗೆ ಹೊಳೆದಿರಲಿಲ್ಲ. ಈ ಮನುಷ್ಯನಿಗೆ ನನ್ನ ಸಂಗೀತ ಒಮ್ಮೆಯಾದರೂ ಕೇಳಿಸಲೇಬೇಕು ಎಂದು ಹಟ ಹುಟ್ಟಿತು.

ಜಯಸಿಂಗಪುರದಿಂದ ಕಿವಿಗೆ ಹಾಕುವ ಮಷೀನು ತಂದೆವು. ಹಾಕಿಕೊಂಡರೆ ಅಡುಗೆಮನೆಯ ಮಿಕ್ಸರಿನ ಸದ್ದು ತಲೆ ತಿನ್ನುತ್ತದೆ ಎಂದು ಅವರು ಅದನ್ನು ಡಬ್ಬಿಯಲ್ಲೇ ಇಟ್ಟರು. ಕೊನೆಗೆ ಸಿಂಫನಿಯನ್ನೇ ಬಗ್ಗಿಸಿದೆ. ಸಣ್ಣ ದನಿ ಕೇಳದ ಕಿವಿಗೆ ದಪ್ಪ ದನಿಯಾದರೂ ಕೇಳೀತೆಂದು ಪಿಟೀಲಿನ ರಾಗವನ್ನು ಕೆಳಗಿನ ಸಪ್ತಕಕ್ಕೆ ಇಳಿಸಿ, ಪಿಟೀಲಿನ ದೊಡ್ಡಣ್ಣನಂಥ ಚೆಲ್ಲೋಗಳಿಗೆ ಕೊಟ್ಟೆ. ಸಿಂಫನಿ ಬರೆದವನು ಕಂಡಿದ್ದರೆ ಕೋಲು ಹಿಡಿದು ಬರುತ್ತಿದ್ದ. ಕೆಳಗೆ ಮೊದಲೇ ಇದ್ದ ವಾದ್ಯಗಳು ಆ ರಾಗವನ್ನು ನುಂಗತೊಡಗಿದವು. ಒಂದೊಂದನ್ನೇ ತಗ್ಗಿಸಿ ದಾರಿ ಮಾಡಿಕೊಡಲು ವಾರಗಳೇ ಹಿಡಿದವು.

ಕೇಳಿಸಿದ ದಿನ ಹೆಡ್‌ಫೋನು ಅವರ ತಲೆಗೇರಿಸಿ, ಬೇಕೆಂದೇ ಅಡುಗೆಮನೆಗೆ ಹೋಗಿ ಬೆನ್ನು ಮಾಡಿ ನಿಂತೆ. ನನ್ನ ಮುಖ ಅವರಿಗೆ ಕಾಣಬಾರದಿತ್ತು. ಸೌತೆಕಾಯಿ ಹೆಚ್ಚತೊಡಗಿದೆ.

“ಏ, ಇಲ್ಲಿ ಬಾ!” ಎಂದು ಹೊರಗಿನಿಂದ ಕೂಗಿದರು. “ರಾಗ ಪಾಪ ಶಾಂತ ಹೊಂಟೈತಿ, ನಡುವ ಈ ನಗಾರಿ ಯಾಕ ಬಡಿತೈತಿ? ಯಾರದರ ಲಗ್ನ ಐತೇನು? ಬರೋಬ್ಬರಿ ಆಗಿಲ್ಲ ಇದು. ತಗಿ ಅದನ್ನ.”

ಅಂದರೆ ರಾಗ ಅವರಿಗೆ ಕೇಳಿಸಿತ್ತು. ಆದರೆ ನಗಾರಿಯ ಆ ಜಾಗವೇ ನನ್ನ ಕೆಲಸದಲ್ಲೆಲ್ಲ ನನಗೆ ಅತಿ ಹೆಮ್ಮೆಯದು. ಚಾಕು ಕೆಳಗಿಟ್ಟು, ಸೆರಗಿನಿಂದ ಕಣ್ಣೊರೆಸಿಕೊಂಡು, “ತಗಿಯೂದಿಲ್ಲ, ಹೋಗ್ರಿ!” ಎಂದು ಜಗಳಕ್ಕೆ ನಿಂತೆ.