ಬೀಗ ಹಾಕಿದ ಮನೆಯ ಫೋನು

ನನ್ನ ಗಂಡನ ಆಫೀಸಿನಲ್ಲಿ ಆಗ ಎರಡು ಸಾವಿರದ ಇಸವಿಗೆ ಕಂಪ್ಯೂಟರುಗಳನ್ನು ಅಣಿಗೊಳಿಸುವ ಗಡಿಬಿಡಿ. ಸೊಂಟದ ಪೇಜರು ಊಟದ ನಡುವೆಯೂ ಕೂಗುತ್ತಿತ್ತು. ಪೇಜರು ಮುಟ್ಟದ ಕಡೆ ಒಂದು ವಾರವಾದರೂ ಇರಬೇಕೆಂದು ಅವರು ಹುಡುಕಿ ತೆಗೆದದ್ದು ಸ್ಕಾಟ್ಲೆಂಡಿನ ಒಂದು ಪುಟ್ಟ ದ್ವೀಪ. ಅಮೆರಿಕದ ಮಾನ್ಮತ್ ಜಂಕ್ಷನ್ನಿನ ನಮ್ಮ ಅಪಾರ್ಟ್‌ಮೆಂಟಿಗೆ ಜನವರಿಯಲ್ಲಿ ಬಂದಿದ್ದ ಅತ್ತೆ ಜೂನಿನಲ್ಲಿ ಧಾರವಾಡಕ್ಕೆ ಮರಳುವವರಿದ್ದರು. ಅವರನ್ನು ಕಳಿಸುವ ದಾರಿಯಲ್ಲಿ ಮೂವರೂ ಅಲ್ಲಿಗೆ ಹೋಗುವುದೆಂದಾಯಿತು.

ಅಲ್ಲಿ ಹೋಟೆಲಿಲ್ಲ, ಅಂಗಡಿಯಿಲ್ಲ. ಬಾಡಿಗೆ ಮನೆಯಲ್ಲಿ ಅಡುಗೆ ನಾವೇ ಮಾಡಿಕೊಳ್ಳಬೇಕು. ಅತ್ತೆಗೆ ಅದೇ ಹಿತವೆನಿಸಿ ಜೋಳದ ಹಿಟ್ಟು, ಶೇಂಗಾ ಚಟ್ನಿ ಎಂದು ಲೆಕ್ಕ ಹಾಕತೊಡಗಿದ್ದರು. ಮನೆಯ ಒಡತಿ ವಯಸ್ಸಾದ ಹೆಂಗಸು. ಮನೆಗೆ ಅಕ್ಟೋಬರಿನಿಂದ ಬೀಗ ಹಾಕಿದೆ, ತಾನಿರುವುದು ದ್ವೀಪದ ಇನ್ನೊಂದು ತುದಿಯಲ್ಲಿ ಎಂದು ಕಾಗದ ಬರೆದು, ಕೆಳಗೆ ಎರಡೂ ಮನೆಗಳ ಫೋನ್ ನಂಬರು ಕೊಟ್ಟಿದ್ದರು.

ಮಾರ್ಚ್ ತಿಂಗಳ ಒಂದು ಶನಿವಾರ ಬೆಳಿಗ್ಗೆ, ಅಲ್ಲಿ ಮಧ್ಯಾಹ್ನವಾಗಿರುವ ಹೊತ್ತಿಗೆ, ಕುಕ್ಕರು ನಾವೇ ತರಬೇಕೇ ಎಂದು ಕೇಳಲು ಫೋನ್ ಮಾಡಿದೆ. ಯಾರೋ ಎತ್ತಿದರು. ಹಲೋ ಎಂದೆ. ಮಾತಿಲ್ಲ. ಗಾಳಿ ಕಿಟಕಿಗೆ ಬಡಿಯುವ ಸದ್ದು, ಅದರ ನಡುವೆ ನಿಧಾನವಾದ ಉಸಿರು. ಸ್ವಲ್ಪ ಹೊತ್ತು ಕಾದು ಫೋನ್ ಇಟ್ಟೆ. ಆಮೇಲೆ ಕಾಗದ ನೋಡಿದರೆ, ನಾನು ಒತ್ತಿದ್ದು ಬೀಗ ಹಾಕಿದ ಮನೆಯ ನಂಬರು.

ಕ್ರಾಸ್ ಕನೆಕ್ಷನ್ ಇರಬೇಕು ಎಂದರು ಗಂಡ. ಮುಂದಿನ ಶನಿವಾರ ಅದೇ ಹೊತ್ತಿಗೆ ಅವರೇ ಆ ನಂಬರಿಗೆ ಮಾಡಿದರು. ಯಾರು ನೀವು ಎಂದು ಇಂಗ್ಲಿಷಿನಲ್ಲಿ ಮೂರು ಸಲ ಕೇಳಿ, ಬಿಳಚಿದ ಮುಖದಲ್ಲಿ ರಿಸೀವರನ್ನು ನನ್ನ ಕೈಗೆ ಕೊಟ್ಟರು. ಅದೇ ಉಸಿರು. ಕಲ್ಲು ನೆಲದ ಮೇಲೆ ಕುರ್ಚಿ ಎಳೆದುಕೊಂಡ ಸದ್ದು. ನಾವು ಮಾತಾಡಲಿ ಎಂದು ಅಲ್ಲಿ ಯಾರೋ ಕಾದು ಕುಳಿತಂತಿತ್ತು.

ಮೆಂತ್ಯ ಸೊಪ್ಪು ಬಿಡಿಸುತ್ತಿದ್ದ ಅತ್ತೆ ಎದ್ದು ಬಂದು ರಿಸೀವರ್ ತೆಗೆದುಕೊಂಡರು. ತುಸು ಹೊತ್ತು ಕಿವಿಗೊಟ್ಟು, ಆಮೇಲೆ ಕನ್ನಡದಲ್ಲೇ ಕೇಳಿದರು: “ಊಟ ಆತೇನ್ರಿ?”

ಆ ಕಡೆಯಿಂದ ಒಂದು ದನಿ ಬಂತು. ಪಕ್ಕದಲ್ಲಿದ್ದ ನನಗೂ ಕೇಳಿಸಿತು. ಅದು ಮಾತಲ್ಲ, ಗಂಟಲಲ್ಲೇ ಸಿಕ್ಕಿಕೊಂಡದ್ದು. ಫೋನು ಕಟ್ಟಾಯಿತು.

“ಯಾರೋ ವಯಸ್ಸಾದವರು,” ಎಂದರು ಅತ್ತೆ. “ಮಾತು ಬರವಲ್ದು ಅವರಿಗೆ.”

“ಆ ಮನ್ಯಾಗ ಯಾರೂ ಇಲ್ಲವ್ವಾ,” ಎಂದರು ಗಂಡ.

“ಅದಾರ.”

ಕೂಡಲೇ ಒಡತಿಗೆ ಫೋನ್ ಮಾಡಿ ಹೇಳಿದೆ. ವಿಚಾರಿಸಿ ಹೇಳುತ್ತೇನೆ ಎಂದರು. ಎರಡು ದಿನ ಬಿಟ್ಟು ಅವರೇ ಮಾಡಿದರು. ತೀರಿಕೊಂಡ ಗಂಡನ ಅಣ್ಣ ಅವರ ಜೊತೆಗೇ ಇದ್ದಾರಂತೆ. ಹುಟ್ಟಿ ಬೆಳೆದದ್ದು ಆ ಮನೆಯಲ್ಲೇ. ಲಕ್ವ ಹೊಡೆದು ಮಾತು ಹೋಗಿದೆ. ಮಧ್ಯಾಹ್ನ ಸಮುದ್ರದ ಕಡೆ ಅಡ್ಡಾಡಲು ಹೋಗುತ್ತಾರೆಂದುಕೊಂಡರೆ, ಹಳೆಯ ಕೀಲಿಯೊಂದನ್ನು ಇಟ್ಟುಕೊಂಡು ಅಲ್ಲಿಗೆ ಹೋಗಿ ಕೂರುತ್ತಿದ್ದರು. ಕೀಲಿ ಕಿತ್ತುಕೊಂಡಿದ್ದೇನೆ, ನೀವು ನಿಶ್ಚಿಂತೆಯಿಂದ ಬನ್ನಿ ಎಂದರು.

ನನಗೆ ಸಮಾಧಾನವಾಗಬೇಕಿತ್ತು. ಮರು ಶನಿವಾರ ಸುಮ್ಮನೆ ಆ ನಂಬರು ಒತ್ತಿದೆ. ಗಂಟೆ ಬಾರಿಸುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಎತ್ತಿದಾಗ ಆದದ್ದಕ್ಕಿಂತ ಹೆಚ್ಚು ಹೆದರಿಕೆ ಈಗ ಆಯಿತು.

ಏಪ್ರಿಲಿನಲ್ಲಿ ಒಡತಿಯ ಕಾಗದ ಬಂತು. ಭಾವ ಈಗಲೂ ದಿನಾ ಹೋಗಿ, ಮಳೆಯಿರಲಿ ಗಾಳಿಯಿರಲಿ, ಬೀಗ ಹಾಕಿದ ಬಾಗಿಲ ಮುಂದೆ ಕೂರುತ್ತಾರೆ ಎಂದಿತ್ತು. ಗಂಡ ಅದನ್ನು ಅತ್ತೆಗೆ ಓದಿ ಹೇಳಿದರು.

“ಕೀಲಿ ಅವರಿಗೆ ಕೊಡಾಕ ಹೇಳು,” ಎಂದರು ಅತ್ತೆ. “ನಾವು ಒಂದ ವಾರದವರು.”

ಗುರುತಿಲ್ಲದ ಮನುಷ್ಯ ನಾವಿರುವಾಗಲೂ ಬಂದರೆ ಏನು ಗತಿ ಎಂದು ಗಂಡ ವಾದ ಮಾಡಿದರು. ಅತ್ತೆ ಜಗ್ಗಲಿಲ್ಲ. ಕೊನೆಗೆ ಗಂಡನೇ ಒಡತಿಗೆ ಫೋನ್ ಮಾಡಿ, ಕೀಲಿ ಮರಳಿ ಕೊಡಿ ಎಂದು ಕೇಳಿಕೊಂಡರು.

ಜೂನಿನಲ್ಲಿ ಹೋದೆವು. ಏಳು ದಿನದಲ್ಲಿ ಒಮ್ಮೆಯೂ ಆ ಹಿರಿಯರನ್ನು ಕಾಣಲಿಲ್ಲ. ಮೊದಲ ದಿನ ಗಂಡ ಬಾಗಿಲಿಗೆ ಸೂಟ್‌ಕೇಸು ಅಡ್ಡ ಇಟ್ಟು ಮಲಗಿದರು. ಅತ್ತೆ ಮರುದಿನ ಅದನ್ನು ತೆಗೆಸಿದರು. ಆಮೇಲೆ ದಿನಾ ನಾವು ಏಳುವಷ್ಟರಲ್ಲಿ ಒಲೆ ಹೊತ್ತಿಕೊಂಡಿರುತ್ತಿತ್ತು, ನೆಲದ ಮೇಲೆ ಒದ್ದೆ ಹೆಜ್ಜೆಗಳಿರುತ್ತಿದ್ದವು. ಅತ್ತೆ ಮುಚ್ಚಿಟ್ಟಿದ್ದ ಅವಲಕ್ಕಿಯ ತಟ್ಟೆ ತೊಳೆದು ಬೋರಲು ಹಾಕಿರುತ್ತಿತ್ತು. ಎರಡು ದಿನ ನಾನು ನಸುಕಿನಲ್ಲೇ ಎಚ್ಚರವಾಗಿ ಕಿವಿಗೊಟ್ಟು ಮಲಗಿದ್ದೆ. ಬಾಗಿಲಿನ ಸದ್ದು ಒಮ್ಮೆಯೂ ಕೇಳಲಿಲ್ಲ.