ಮಾವ ಕೊಡಿಸಿದ ಹಸಿರು ಬಳೆ

ನನ್ನ ತಂಗಿ ನರ್ಸ್ ಓದು ಮುಗಿಸಿ ಬಂಗಾರಪೇಟೆಯ ನಮ್ಮ ಮನೆಗೆ ಬಂದಾಗ ಅಪ್ಪ ಒಂದೇ ಮಾತು ಹೇಳಿದ್ದ. ಉರಿಗಾಂ ಕಡೆಯ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕರೆ ಸರಿ, ಸಿಗದಿದ್ದರೆ ಸೋದರಮಾವನ ಜೊತೆ ಮದುವೆ. ಮಾವ ಕೆಟ್ಟವನಲ್ಲ. ಆದರೆ ಅಲ್ಲಿಗೆ ಹೋದರೆ ದನ, ಹೊಲ, ರಾಗಿ ಬೀಸುವುದು. ಓದಿದ್ದು ಮಣ್ಣುಪಾಲು.

ಇಂಟರ್ವ್ಯೂಗೆ ಅವಳು ತಯಾರಾದದ್ದು ನನ್ನ ಮೈ ಮೇಲೆ. ಹಳೇ ಪಂಚೆ ಹರಿದು ಪಟ್ಟಿ ಮಾಡಿ ನನ್ನ ಮೊಣಕಾಲು, ಮೊಣಕೈ, ತಲೆಗೆಲ್ಲ ಕಟ್ಟುವಳು, ಬಿಚ್ಚುವಳು, ಮತ್ತೆ ಕಟ್ಟುವಳು. ನಾನು ಹಾಗೇ ಒಲೆ ಊದುತ್ತಿದ್ದೆ. ದೊಡ್ಡ ನರ್ಸಮ್ಮನ ಹಾಗೆ ಪ್ರಶ್ನೆ ಕೇಳು ಅನ್ನುವಳು. ಅವಳ ಪುಸ್ತಕದ ಪ್ರಶ್ನೆ ನನಗೆ ಎಲ್ಲಿ ಬರಬೇಕು? ನಮ್ಮ ಕೇರಿಯದೇ ಒಂದು ಕೇಳಿದೆ.

"ನಿನ್ ಕೈ ನೀರು ಕುಡಿಯಲ್ಲ ಅಂತ ಒಬ್ಬ ರೋಗಿ ಅಂದ್ರೆ ಏನ್ ಮಾಡ್ತೀಯೇ?"

"ಲೋಟ ಪಕ್ಕದಾಗೆ ಮಡಗ್ತೀನಿ ಕಣಕ್ಕ. ಬಾಯಾರಿದ್ರೆ ಕುಡೀತಾನೆ."

ಆ ಕಡೆಯ ರೋಗಿಗಳ ಮಾತು ಅಂತ ಅದನ್ನೇ ತಮಿಳಲ್ಲಿ, ತೆಲುಗಲ್ಲಿ ಹೇಳಿ ನೋಡಿಕೊಂಡಳು. ನನಗೆ ಉತ್ತರ ಹಿಡಿಸಿತು.

ಇಂಟರ್ವ್ಯೂ ಹಿಂದಿನ ದಿನ ಅಮ್ಮ ಬಳೆಗಾರನನ್ನು ಬಾಗಿಲಿಗೆ ಕರೆದಳು. ಒಳ್ಳೇ ಕೆಲಸಕ್ಕೆ ಹೋಗುವ ಹುಡುಗಿ ಬರಿಗೈಲಿ ಹೋಗಬಾರದು ಅಂತ ಅವಳ ಶಾಸ್ತ್ರ. ಬಳೆ ಕೊಡಿಸಿದ್ದು ಮಾವ. ಬಳೆಗಾರ ತಂಗಿಯ ಕೈ ಹಿಸುಕಿ ಹಿಸುಕಿ ಚಿಕ್ಕ ಅಳತೆಯ ಹಸಿರು ಗಾಜಿನ ಬಳೆ ಏರಿಸಿ, ಇನ್ನು ಜಾರುವುದಿಲ್ಲ ಎಂದು ಜಂಬದಿಂದ ಹೋದ. ಬೆಳಿಗ್ಗೆ ತೆಗೆದರಾಯಿತು ಅಂದುಕೊಂಡು ಅವಳೂ ಸುಮ್ಮನೆ ತೊಟ್ಟಿದ್ದಳು. ನರ್ಸಿನ ಕೈಯಲ್ಲಿ ಬಳೆ ಇರಬಾರದೆಂದು ಅಮ್ಮನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಬೆಳಿಗ್ಗೆ ಸೋಪು ಹಚ್ಚಿ ಎಳೆದೆ, ಹರಳೆಣ್ಣೆ ಸವರಿ ಎಳೆದೆ. ಕೈ ಊದಿಕೊಂಡಿತೇ ಹೊರತು ಒಂದೂ ಬರಲಿಲ್ಲ. ರೈಲಿಗೆ ಹೊತ್ತಾಗುತ್ತಿತ್ತು. ಒಡೆಯಬೇಕು ಎಂದಳು ತಂಗಿ. ಅಮ್ಮ ಅಡ್ಡ ಕೂತಳು. ಬಳೆ ಒಡೆಯುವುದು ಗಂಡ ಸತ್ತವಳ ಕೈಯಲ್ಲಿ.

"ನನ್ ತಮ್ಮ ಕೊಡ್ಸಿದ್ ಬಳೆ ಕಣೇ. ಅವನಿಗೇನಾರ ಆದ್ರೆ?"

ತಂಗಿ ಅಳಲಿಲ್ಲ, ಜಗಳಕ್ಕೂ ನಿಲ್ಲಲಿಲ್ಲ. ಅಮ್ಮನ ಎದುರಿಗೇ ಕೂತು ಪಂಚೆಯ ಪಟ್ಟಿಯನ್ನು ಬಳೆಗಳ ಅಡಿಗೆ ತೂರಿಸಿ ಮೆತ್ತೆ ಮಾಡಿದಳು. ಮೇಲೆ ಒದ್ದೆ ಬಟ್ಟೆ ಸುತ್ತಿದಳು.

"ಮಾವನಿಗೆ ಏನೂ ಆಗಲ್ಲಮ್ಮ. ಈ ಗಾಜು ಗಾಯದಾಗೆ ಬಿದ್ರೆ ರೋಗಿಗೆ ಆಯ್ತದೆ."

ಒಲೆಯ ಹತ್ತಿರದ ಇಕ್ಕಳ ತಗೊಂಡು ಒಂದೊಂದಾಗಿ ಒಡೆದಳು. ಚೂರು ಹಾರಲಿಲ್ಲ, ಚರ್ಮ ಗೀರಲಿಲ್ಲ. ಎಡಗೈಯಲ್ಲಿ ಬಲಗೈಯದು ಒಡೆಯುವಾಗಲೂ ಕೈ ನಡುಗಲಿಲ್ಲ. ನಾನು ಜಲ್ಲಿ ಒಡೆಯುವ ಕೂಲಿ ಮಾಡಿದವಳು, ಕೈಯ ಹದ ನೋಡಿದರೆ ತಿಳಿಯುತ್ತದೆ. ಇವಳನ್ನು ತಗೊಳ್ಳದಿದ್ದರೆ ಅವರಿಗೇ ನಷ್ಟ ಅಂದುಕೊಂಡೆ.

ಆಸ್ಪತ್ರೆಯಲ್ಲಿ ಮೊದಲು ನೋಡಿದ್ದೇ ಕೈಯಂತೆ. ನನ್ನ ನೀರಿನ ಪ್ರಶ್ನೆಯನ್ನು ಯಾರೂ ಕೇಳಲಿಲ್ಲವಂತೆ. ಕೆಲಸ ಸಿಕ್ಕಿತು. ಮಾವ ಬೇರೆ ಹೆಣ್ಣು ತಂದು, ಮುದುಕನಾಗುವವರೆಗೂ ಗಟ್ಟಿಮುಟ್ಟಾಗಿದ್ದ.

ಕೆಲಸ ಸಿಕ್ಕಿದ ವರ್ಷದ ಹಬ್ಬಕ್ಕೆ ಬಳೆಗಾರ ಬಂದು, ಚಿಕ್ಕ ಮಗಳನ್ನು ಕರೆಯಿರಿ ಎಂದ. ಅಮ್ಮ ತನ್ನ ಕೈಯನ್ನೇ ಮುಂದೆ ಚಾಚಿದಳು.

"ಅವಳ ಪಾಲಿಂದೂ ನನಗೇ ತೊಡ್ಸಪ್ಪ. ಅವಳು ಡ್ಯೂಟಿಗೆ ಓಗವ್ಳೆ."