ಮಾವ ಮೇಯಿಸಿದ ಪದಗಳು

ಮೊನ್ನೆ ಪಕ್ಕದ ದೊಡ್ಡಿಯಲ್ಲಿ ಕರುಗಳಿಗೆ ಕಾದ ಕಬ್ಬಿಣದ ಮುದ್ರೆ ಒತ್ತುತ್ತಿದ್ದರು. ಸುಟ್ಟ ಕೂದಲಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಮಾವ ನೆನಪಾದರು... ನಮ್ಮಮ್ಮನ ಅಣ್ಣ. ಗಾಡಿ ಹೊಡೆಯುವ ಮಾವನೇ ನನಗೆ ಇಂಗ್ಲಿಷ್ ಓದಿಸಿದವರು ಎಂದರೆ ಈಗ ಯಾರು ನಂಬುತ್ತಾರೆ!

ಬೆಟ್ಟದ ಮೇಲೆ ಅಣೆಕಟ್ಟು ಕಟ್ಟುತ್ತಿದ್ದ ಕಾಲ. ರೈಲಿನಲ್ಲಿ ಬಂದ ಪೆಟ್ಟಿಗೆಗಳನ್ನು ಮಾವ ಎತ್ತಿನ ಗಾಡಿಯಲ್ಲಿ ತಮಿಳು ಸೀಮೆಯ ನಮ್ಮ ಕಂಬಂ ಕಣಿವೆಗೆ ಸಾಗಿಸುತ್ತಿದ್ದರು. ಯಾರೋ ಗುಮಾಸ್ತರನ್ನು ಕಾಡಿ ಬೇಡಿ ಇಂಗ್ಲಿಷ್ ಅಕ್ಷರ ಕೂಡಿಸಿ ಓದಲು ಕಲಿತಿದ್ದರು. ಅರ್ಥ ಮಾತ್ರ ಗೊತ್ತಿರಲಿಲ್ಲ. ಪೆಟ್ಟಿಗೆಯ ಮೇಲೆ ಉದ್ದದ ಪದ ಕಂಡರೆ ಸಾಕು, ಇದ್ದಿಲಿನಿಂದ ಗಾಡಿಯ ಹಲಗೆಗೆ ಗೀಚಿಕೊಂಡು ಬರುತ್ತಿದ್ದರು.

ನನಗಾಗ ಇಪ್ಪತ್ತೆರಡು. ಶಾಲೆಯಲ್ಲಿ ಅಷ್ಟಿಷ್ಟು ಕಲಿತಿದ್ದೆ. ದಿಂಡಿಗಲ್ಲಿನಲ್ಲಿ ಗುಮಾಸ್ತನಾಗಬೇಕಾದರೆ ಬಿಳಿ ದೊರೆಯ ಎದುರು ಒಂದು ಇಂಗ್ಲಿಷ್ ಕಾಗದವನ್ನು ತಡವರಿಸದೆ ಓದಬೇಕಿತ್ತು. ಉದ್ದದ ಪದ ಬಂದರೆ ನನಗೆ ನಾಲಿಗೆಯೇ ಹೊರಳುತ್ತಿರಲಿಲ್ಲ.

“ಯಾಕ್ಡಾ ಮಾಪ್ಳೆ ಹೆದರ್ತೀಯ?” ಎಂದರು ಮಾವ. ಅಳಿಯನಾದ ನನ್ನನ್ನು ತಮಿಳರ ಹಾಗೆ ಮಾಪ್ಳೆ ಎಂದೇ ಕರೆಯುತ್ತಿದ್ದರು. “ದನ ತಪ್ಪಿಸ್ಕೊಂಡ್ರೆ ಮೂತಿ ನೋಡ್ತೀವಾ? ಹಿಂದ್ಗಡೆ ಮುದ್ರೆ ನೋಡ್ತೀವಿ. ಇದ್ಕೂ ಹಂಗೇ ನೋಡು.”

ಗಾಡಿಯ ಹಲಗೆ ನೋಡಿದೆ. ಫೌಂಡೇಷನ್, ಎಕ್ಸ್‌ಕವೇಷನ್, ಇರಿಗೇಷನ್... ಎಲ್ಲದರ ಹಿಂದೆಯೂ ಅವೇ ಟಿ, ಐ, ಓ, ಎನ್. ಎಲ್ಲ ಒಂದೇ ಮನೆಯ ದನ! ಮುದ್ರೆ ಗುರುತಾದ ಮೇಲೆ ಉಳಿದರ್ಧ ಓದುವುದು ಏನು ಮಹಾ? ಗಾಡಿಯ ಹಿಂದೆ ನಡೆಯುತ್ತ ದಿನವೆಲ್ಲ ಕೂಗಿ ಓದಿದೆ. ಮಾವನಂತೂ ತಮ್ಮ ಮೊಂಡು ಎತ್ತಿಗೆ ಇರಿಗೇಷನ್ ಎಂದೇ ಹೆಸರಿಟ್ಟರು. “ನಡಿಯೋ ಇರಿಗೇಷನ್ನು!” ಎಂದು ಬಯ್ಯುತ್ತಿದ್ದರೆ ದಾರಿಹೋಕರೆಲ್ಲ ಬಿದ್ದು ಬಿದ್ದು ನಗುತ್ತಿದ್ದರು.

ನನಗೆ ಕೆಲಸ ಸಿಕ್ಕಿತು. ಒಂದು ದಿನ ಮಾವ ತುಪ್ಪದ ಗಡಿಗೆ ಹಿಡಿದು ಕಚೇರಿಗೇ ಬಂದರು. “ಇಷ್ಟ್ ವರ್ಷ ಮೇಯ್ಸಿದ್ದೀನಿ, ಮಾಪ್ಳೆ. ಇದ್ರಲ್ಲಿ ಹಾಲು ಕೊಡೋದ್ಯಾವ್ದು, ಉಳೋದ್ಯಾವ್ದು, ಒಸಿ ಹೇಳು.”

ಹಲಗೆಯ ಮೇಲಿನ ಪದಗಳ ಅರ್ಥ ಕೇಳುತ್ತಿದ್ದರು, ಅಷ್ಟೇ. ಜೊತೆಯ ಗುಮಾಸ್ತರು ಅವರ ಕೊಳೆ ರುಮಾಲನ್ನೇ ನೋಡುತ್ತಿದ್ದರು. ನನಗೆ ನಾಚಿಕೆಯಾಯಿತು, ಥೂ ನನ್ನ ಜನ್ಮಕ್ಕೆ! “ಆಮೇಲೆ ಹೇಳ್ತೀನಿ, ಹೋಗಿ ಮಾವ” ಎಂದೆ.

“ಸರಿಡಾ, ನಿಂಗೆ ಕೆಲ್ಸ ಐತೆ” ಎಂದು ಗಡಿಗೆ ಇಟ್ಟು ಹೋದರು. ಆ ವರ್ಷವೇ ವಾಂತಿಭೇದಿಗೆ ತೀರಿಕೊಂಡರು. ಅಣೆಕಟ್ಟಿನ ಕಾಲುವೆಗೆ ಆಗಿನ್ನೂ ನೀರು ಬಂದಿರಲಿಲ್ಲ.

ಈಗ ದೊಡ್ಡಿಯ ಪಕ್ಕದಲ್ಲೇ ನೀರು ಹರಿಯುತ್ತದೆ, ಮಾವನ ಹೊಲದ ತನಕ. ಮೊನ್ನೆ ಕಾಲುವೆಯ ದಂಡೆಯಲ್ಲಿ ಕುಳಿತು ಹೇಳಿಬಿಟ್ಟೆ: “ಇರಿಗೇಷನ್ ಅಂದ್ರೆ ಹೊಲಕ್ಕೆ ನೀರು ಹಾಯ್ಸೋದು, ಮಾವ... ನೀವು ಗಾಡೀಲಿ ಹೊತ್ಕೊಂಡು ಬಂದಿದ್ದು ಇದನ್ನೇ.”